ಕೊಡುವ ಸೀರೆ, ಉಡುವ ಪ್ರಾಣಿ

ನನ್ನ ಹೆಸರಿನಲ್ಲಿ ಒಂದು ಪ್ರಾಣಿ ಇದೆ. ಅದು ಕೊಟ್ಟಿಗೆಯಲ್ಲಿಲ್ಲ, ಹಿತ್ತಲಿನಲ್ಲಿಲ್ಲ, ಮೊಬೈಲಿನಲ್ಲಿದೆ. ನರಿಯ ಮೂತಿ, ಮೊಲದ ಕಿವಿ, ಬೆನ್ನಿನ ಮೇಲೆ ಹಾರಲು ಬಾರದ ಚಿಕ್ಕ ರೆಕ್ಕೆಗಳು. ನಾನು ಅದನ್ನು ಸಾಕಿದ್ದೇನೆ ಎಂದರೆ ಉತ್ಪ್ರೇಕ್ಷೆಯಾದೀತು. ದಿನಕ್ಕೊಮ್ಮೆ ಮೂಗಿನ ಮೇಲೆ ಬೆರಳಿಟ್ಟರೆ ಅದರ ಹೊಟ್ಟೆ ತುಂಬುತ್ತದೆ. ಇಷ್ಟು ಸಾಧು ಪ್ರಾಣಿಯಿಂದಲೂ ಮನುಷ್ಯನಿಗೆ ಅವಮಾನವಾಗಬಹುದೆಂದು ನನಗೆ ಗೊತ್ತಿರಲಿಲ್ಲ.

"ರೀ, ನಿಮ್ಮ ಪ್ರಾಣಿ ಬರಿಮೈಯಾಗೆ ನಿಂತೈತಲ್ರಿ. ನೋಡಿದೋರು ಏನಂತಾರೆ?" ಎಂದಳು ನನ್ನ ಹೆಂಡತಿ ಗಿರಿಜೆ.

"ಯಾರು ನೋಡ್ತಾರೆ?"

"ಇಡೀ ಜಗತ್ತು ನೋಡ್ತೈತೆ. ನನ್ನ ಗಂಡಂದು ಅಂತ ಬ್ಯಾರೆ ಗೊತ್ತೈತೆ ಅಲ್ಲಿ."

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ನಾನು ಬನಿಯನ್ನಿನಲ್ಲಿ ಕೂತು ಪೇಪರು ಓದುವುದಕ್ಕೆ ಆಕ್ಷೇಪವಿಲ್ಲ. ಪ್ರಾಣಿ ಮಾತ್ರ ಮರ್ಯಾದೆಯಿಂದ ಇರಬೇಕು. ಅಂದೇ ಅದರ ಕೊರಳಿಗೆ ಒಂದು ರುಮಾಲು ಬಂತು. ನನ್ನ ಪ್ರಾಣಿ ಸಮಾಜದಲ್ಲಿ ತಲೆಯೆತ್ತಿತು.

ನಾನು ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಬೆರಳಚ್ಚು ಮಾಡಿ ನಿವೃತ್ತನಾದವನು. ಸಾಕ್ಷಿ ಕಂಡದ್ದನ್ನು ಹೇಳಬೇಕು, ಊಹಿಸಿದ್ದನ್ನು ಹೇಳಬಾರದು ಎಂಬುದೊಂದೇ ಆ ಕೆಲಸದಿಂದ ನಾನು ಮನೆಗೆ ತಂದ ಆಸ್ತಿ. ಈಚೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನೂ ಹಾಗೆಯೇ ಹೇಳಬೇಕು. ನಿಧಾನವಾಗಿ, ಕಂಡಷ್ಟನ್ನೇ ಹೇಳುತ್ತೇನೆ.

ಈ ಆಟದ ಸ್ವಾರಸ್ಯ ಹೀಗಿದೆ. ಪ್ರಾಣಿಯನ್ನು ಆಟದವರೇ ಕೊಡುತ್ತಾರೆ. ಬಟ್ಟೆಬರೆ, ಒಡವೆಗಳನ್ನು ಮಾತ್ರ ಆಡುವವರೇ ಬರೆದು ಮಾಡಬೇಕು. ಪ್ರಾಣಿಯ ಖಾಲಿ ಚಿತ್ರದ ಮೇಲೆ ಅಂಗಿಯನ್ನೋ ಟೋಪಿಯನ್ನೋ ಬಿಡಿಸಿ ಕಳಿಸಿದರೆ, ಎಲ್ಲೋ ಕೂತ ಪರಿಶೀಲಕರು ನೋಡಿ ಒಪ್ಪುತ್ತಾರೆ ಅಥವಾ ಹಿಂದಕ್ಕೆ ಕಳಿಸುತ್ತಾರೆ. ಒಪ್ಪಿದರೆ ಅದನ್ನು ಜಗತ್ತಿನ ಯಾರು ಬೇಕಾದರೂ ತಮ್ಮ ಪ್ರಾಣಿಗೆ ತೊಡಿಸಬಹುದು, ಇನ್ನೊಬ್ಬರಿಗೆ ಉಡುಗೊರೆ ಕೊಡಬಹುದು. ಕೆಳಗೆ ತಯಾರಿಸಿದವರ ಹೆಸರು ಇರುತ್ತದೆ. ಅದೂ ನಿಜವಾದ ಹೆಸರಲ್ಲ, ಆಟಕ್ಕೆಂದು ಇಟ್ಟುಕೊಂಡದ್ದು. ಗಿರಿಜೆ ಅಲ್ಲಿ 'ಮಲ್ಲಿಗೆ ಮೊಗ್ಗು'. ಅವಳಿಗೆ ಇದನ್ನು ಕಲಿಸಿದವಳು ಹರಿಹರದಲ್ಲಿರುವ ನನ್ನ ತಂಗಿ ಕಸ್ತೂರಿಯ ಮಗಳು ಸಹನಾ. ಕಾಲೇಜಿಗೆಂದು ನಮ್ಮ ಮನೆಯಲ್ಲಿದ್ದಾಗ ಕಲಿಸಿದಳು.

ರಂಗೋಲಿ, ಕಸೂತಿಯಲ್ಲಿ ಪಳಗಿದ ಕೈ ಗಿರಿಜೆಯದು. ಮೊದಲಿಗೆ ಅವಳು ಒಂದು ಸೊಂಟದ ಡಾಬು ಬರೆದು ಕಳಿಸಿದಳು. ಪ್ರಾಣಿಗೆ ಸೊಂಟವಿಲ್ಲ, ಸರಿಪಡಿಸಿ ಎಂದು ಪರಿಶೀಲಕರಿಂದ ಉತ್ತರ ಬಂತು. "ಸೊಂಟ ಇಲ್ಲದ ಜೀವ ಎಲ್ಲಾರ ಐತೇನ್ರಿ? ಇವರಿಗೆ ಕಣ್ಣಿಲ್ಲ" ಎಂದು ಇಡೀ ದಿನ ಸಿಡಿಮಿಡಿಗೊಂಡಳು. ಮುಂದಿನ ಸಲ ಒಂದು ಝರಿ ಅಂಗಿಯ ಜೊತೆಗೆ, ಇಷ್ಟು ಚೆಂದದ ಪ್ರಾಣಿಗೆ ಕಣ್ಣು ತಾಗದಿರಲಿ ಎಂದು ಕೆನ್ನೆಗೆ ಒಂದು ದೃಷ್ಟಿಬೊಟ್ಟು ಇಟ್ಟಳು. ಮುಖದ ಮೇಲೆ ಕೊಳೆಯಿದೆ, ಅಳಿಸಿ ಎಂದು ಬಂತು. ಗಿರಿಜೆ ಬೊಟ್ಟನ್ನು ಅಳಿಸಲಿಲ್ಲ, ಪಾದದ ಅಡಿಗೆ ಸರಿಸಿದಳು. ಅಂಗಿ ಒಪ್ಪಿಗೆಯಾಯಿತು. ಇವತ್ತು ಯಾವ್ಯಾವ ದೇಶದ ಪ್ರಾಣಿಗಳೋ ಅಡಿಗಾಲಿನಲ್ಲಿ ದೃಷ್ಟಿಬೊಟ್ಟು ಇಟ್ಟುಕೊಂಡು ನಿಶ್ಚಿಂತೆಯಿಂದ ಓಡಾಡುತ್ತಿವೆ. ಅವುಗಳಿಗೆ ಇದು ಗೊತ್ತಿಲ್ಲ.

ಅವಳಿಗೆ ಹೆಸರು ತಂದುಕೊಟ್ಟದ್ದು ಎರಡು ಬದಿಯ ಪೋಷಾಕು. ಒಂದು ಬದಿಗೆ ಜಟೆ, ರುದ್ರಾಕ್ಷಿ. ಇನ್ನೊಂದು ಬದಿಗೆ ಕಿರೀಟ, ಹಾರ. ಎಡಬಲ ಹೊಂದುತ್ತಿಲ್ಲ ಎಂದು ಪರಿಶೀಲಕರು ಎಂದಿನಂತೆ ತಕರಾರು ತೆಗೆದರು. ನಮ್ಮ ಪಕ್ಕದ ಊರಿನಲ್ಲಿ ದೇವರೇ ಹೀಗೆ ನಿಂತಿದ್ದಾನೆ, ಅರ್ಧ ಹರಿ ಅರ್ಧ ಹರ, ಅವನಿಗೆ ಹೊಂದಿದ್ದು ನಿಮ್ಮ ನರಿಗೆ ಹೊಂದದೇನು ಎಂದು ಗಿರಿಜೆ ಸಹನಾಳಿಂದ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದಳು. ಪರಿಶೀಲಕರು ಸೋತರು. ಒಂದೇ ಮೈಯಲ್ಲಿ ಎರಡು ಬಗೆಯ ಅಲಂಕಾರ ಜಗಳವಿಲ್ಲದೆ ಇರಬಹುದು ಎಂಬುದು ತುಂಗಭದ್ರೆಯ ದಡದ ಜನಕ್ಕೆ ಕಲ್ಲಿನಲ್ಲಿ ಕಡೆದು ತೋರಿಸಿದ ಪಾಠ. ಅದೇ ದಡದ ಜನ ಒಂದು ಸೀರೆಗಾಗಿ ಮಾತು ಬಿಡುತ್ತಾರೆ. ಈಗ ಆ ಸೀರೆಯ ವಿಷಯಕ್ಕೆ ಬರಬೇಕು.

ನಮ್ಮ ಕಡೆಯ ಯಾವ ಮನೆಯ ಬೀರು ತೆರೆದರೂ ಎರಡು ಜಾತಿಯ ಸೀರೆಗಳು ಕಾಣುತ್ತವೆ: ಉಡುವ ಸೀರೆ, ಕೊಡುವ ಸೀರೆ. ಕೊಡುವ ಸೀರೆಯನ್ನು ಯಾರೂ ಉಡುವುದಿಲ್ಲ. ಅದು ಗೃಹಪ್ರವೇಶದಿಂದ ಸೀಮಂತಕ್ಕೆ, ಸೀಮಂತದಿಂದ ನಾಮಕರಣಕ್ಕೆ ಮಡಿಕೆ ಬಿಚ್ಚದೆ ಪ್ರಯಾಣ ಮಾಡುತ್ತದೆ. ತೆಗೆದುಕೊಂಡವರು ಅಂಚನ್ನು ಸವರಿ "ಅಯ್ಯೋ, ಇಷ್ಟು ಚೆಂದಂದು ಯಾಕ ತರಾಕ ಹೋದ್ರಿ" ಎನ್ನುತ್ತಾರೆ. ಕೊಟ್ಟವರು "ಏನು ಮಹಾ ಬಿಡ್ರಿ" ಎನ್ನುತ್ತಾರೆ. ಇಬ್ಬರೂ ನಿಜವನ್ನೇ ಮರೆಸಿ ಮಾತಾಡುತ್ತಿರುತ್ತಾರೆ, ಆದರೆ ಇಬ್ಬರಿಗೂ ಬೇಸರವಿಲ್ಲ. ಈ ವ್ಯವಸ್ಥೆಗೆ ಇರುವುದು ಒಂದೇ ಒಂದು ಕಟ್ಟುಪಾಡು. ಸೀರೆ ಯಾರ ಮನೆಗೆ ಬೇಕಾದರೂ ಹೋಗಲಿ, ಕೊಟ್ಟವರ ಮನೆಗೆ ಮಾತ್ರ ತಿರುಗಿ ಹೋಗಬಾರದು.

ನನ್ನ ತಂಗಿ ಕಸ್ತೂರಿ ಅದನ್ನೇ ಮಾಡಿದಳು. ನಮ್ಮ ಗೃಹಪ್ರವೇಶದಲ್ಲಿ ಗಿರಿಜೆ ಅವಳಿಗೆ ಉಡಿ ತುಂಬಿ ಸಾಸಿವೆ ಬಣ್ಣದ, ಹಸಿರು ಅಂಚಿನ ಸೀರೆ ಕೊಟ್ಟಿದ್ದಳು. ಮುಂದೆ ಹರಿಹರದಲ್ಲಿ ಕಸ್ತೂರಿಯ ಮನೆ ಮೇಲೆ ಮಹಡಿ ಎದ್ದಾಗ ಪೂಜೆಗೆ ಹೋದೆವು. ಉಡಿ ತುಂಬಿ ಅವಳು ಗಿರಿಜೆಗೆ ಕೊಟ್ಟ ಸೀರೆಯೂ ಸಾಸಿವೆ ಬಣ್ಣ, ಹಸಿರು ಅಂಚು. ಆ ಬಣ್ಣದವು ಅಂಗಡಿಯಲ್ಲಿ ಬೇಕಾದಷ್ಟು ಇರುತ್ತವೆ ಎಂದು ನಾನು ಸುಮ್ಮನಿದ್ದೆ. ಆದರೆ ಗಿರಿಜೆ ಸೀರೆಯ ಮೂಲೆಯನ್ನು ಮಗುಚಿ ನೋಡಿದಳು. ಕೊಡುವ ಮೊದಲು ಅವಳೇ ಹಚ್ಚಿದ ಕುಂಕುಮ ಅಲ್ಲಿತ್ತು, ಸ್ವಲ್ಪ ಮಾಸಿತ್ತು. ಅದನ್ನು ನಾನೂ ಕಂಡೆ. ಸ್ಕೂಟರಿನ ಹಿಂದೆ ಕೂತು ದಾವಣಗೆರೆಗೆ ಬಂದವಳೇ ಸೀರೆಯನ್ನು ಬೀರುವಿನ ತಳಕ್ಕೆ ತುರುಕಿದಳು. ಅಂದಿನಿಂದ ಕಸ್ತೂರಿ ನಮ್ಮ ಮನೆಯಲ್ಲಿ 'ನಿಮ್ಮ ತಂಗಿ' ಆದಳು.

ವರ್ಷಗಳೇ ಕಳೆದವು. ಈಚೆಗೆ ಸಹನಾಳಿಗೆ ಗಂಡು ಗೊತ್ತಾಯಿತು, ಹರಿಹರದ ಮನೆಯಲ್ಲೇ ನಿಶ್ಚಿತಾರ್ಥ. ನಾನು ಸೋದರಮಾವ. ಗಂಡಿನ ಕಡೆಯವರ ಮುಂದೆ ನಾನು, ಗಿರಿಜೆ ಜೋಡಿಯಾಗಿ ನಿಂತು ತಟ್ಟೆ ಹಿಡಿಯಬೇಕು. "ನೀವು ಹೋಗ್ರಿ, ನಾನು ಬರಲ್ಲ. ಆ ಹುಡುಗಿ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಆ ಹೊಸ್ತಿಲು ನಾನು ತುಳಿಯಲ್ಲ" ಎಂದಳು ಗಿರಿಜೆ. ತಾನೇ ಆಟ ಕಲಿಸಿದ ಅತ್ತೆ ತನ್ನ ನಿಶ್ಚಿತಾರ್ಥಕ್ಕೆ ಬರುವುದಿಲ್ಲ ಎಂದು ಸಹನಾ ಫೋನಿನಲ್ಲಿ ಅತ್ತದ್ದನ್ನು ನಾನು ಕೇಳಿಸಿಕೊಂಡೆ. ಕಂಡಿಲ್ಲ, ಕೇಳಿಸಿಕೊಂಡೆ.

ಆ ದಿನಗಳಲ್ಲಿ ಗಿರಿಜೆಯ ಸಮಾಧಾನವೆಲ್ಲ ಆಟದ ಒಬ್ಬ ಗೆಳತಿಯಲ್ಲಿತ್ತು. ಅವಳ ಹೆಸರು 'ನೀಲಿ ನವಿಲು'. ಕನ್ನಡದವಳು ಎಂಬುದಷ್ಟೇ ಗೊತ್ತು. ಗಿರಿಜೆ ಗೆರೆ ಎಳೆದರೆ ಅವಳು ಬಣ್ಣ ತುಂಬುವಳು. ಇವಳು ಅವಳಿಗೆ ಅಕ್ಕ, ಅವಳು ಇವಳಿಗೆ ಅಕ್ಕ. "ಎಂಥಾ ಮನಸು ಅಂತೀರಿ! ನಮ್ಮ ನೆಂಟರಾಗೆ ಒಬ್ಬರಿಗಾದ್ರೂ ಇಂಥಾ ಗುಣ ಐತಾ?" ಎಂದು ನನ್ನ ಮುಖ ನೋಡುತ್ತಿದ್ದಳು. ನಮ್ಮ ನೆಂಟರು ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಿಶ್ಚಿತಾರ್ಥದ ಅಣಿ ನೋಡಲು ನಾನೊಬ್ಬನೇ ಹರಿಹರಕ್ಕೆ ಹೋದೆ. ಕಸ್ತೂರಿ ಒಗ್ಗರಣೆ ಮಂಡಕ್ಕಿ ಕೊಟ್ಟಳು, ಚಹಾ ಕೊಟ್ಟಳು. "ನಿನ್ನ ಹೆಂಡ್ತಿ ಬರಲ್ಲಂತ? ಬ್ಯಾಡ ಬಿಡಣ್ಣ. ಏನೋ ಕಣ್ತಪ್ಪಿ ಆತು, ಅದಕ್ಕೆ ಇಷ್ಟು ವರ್ಷ ಮಕ ತಿರುವಿಕೊಂಡು ಕೂತಾಳಲ್ಲ. ಜನ ಹೆಂಗಿರ್ತಾರೆ ನೋಡಿಲ್ಲಿ" ಎಂದು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು. "ಮಂಡಿ ನೋವು ಅಂತ ಮಲಗಿದ್ದಾಗ ಸಹನಾ ಈ ಆಟ ಕಲಿಸಿದ್ಲು. ಈ ಹೆಣ್ಮಗಳು ಯಾರೋ ಏನೋ, ಸಂಕ್ರಾಂತಿಗೆ ನನಗೆ ಅಂತಾನೇ ಬರೆದು ಕಳಿಸ್ಯಾಳೆ. ಎಂಥಾ ಕೈ ನೋಡಣ್ಣ!"

ತೆರೆಯ ಮೇಲೆ ಒಂದು ಪ್ರಾಣಿ ನಿಂತಿತ್ತು. ತಲೆಯ ಮೇಲೆ ಕುಲಾವಿ, ಅಂಚಿಗೆ ನವಿಲುಗರಿ. ಅದನ್ನು ಗಿರಿಜೆ ನಮ್ಮ ಮನೆಯ ಜಗಲಿಯಲ್ಲಿ ನೀಲಿ ನವಿಲಿಗೆಂದೇ ಗರಿ ಗರಿಯಾಗಿ ಬರೆದದ್ದನ್ನು ನಾನು ಪಕ್ಕದಲ್ಲೇ ಕೂತು ಕಂಡಿದ್ದೆ. ಕೆಳಗೆ 'ಮಲ್ಲಿಗೆ ಮೊಗ್ಗು' ಎಂದಿತ್ತು. ನಾನು ಬಿಸಿ ಚಹಾವನ್ನು ಒಂದೇ ಗುಟುಕಿಗೆ ನುಂಗಿಬಿಟ್ಟೆ. "ಯಾಕಣ್ಣ, ಸುಡ್ತೇನು?" ಎಂದಳು ಕಸ್ತೂರಿ. ಹೌದೆಂದೆ.

ಹೇಳಿಬಿಡಬಹುದಿತ್ತು ಎಂದು ನಿಮಗೆ ಅನ್ನಿಸಬಹುದು. ಹೇಳಿದ್ದರೆ ಏನಾಗುತ್ತಿತ್ತು? ಇಬ್ಬರಿಗೂ ಇದ್ದ ಒಬ್ಬೊಬ್ಬ ಒಳ್ಳೆಯ ಗೆಳತಿಯನ್ನು ನಾನು ಕೊಂದಂತಾಗುತ್ತಿತ್ತು. ಹೇಳದಿದ್ದರೆ ಸಹನಾಳ ನಿಶ್ಚಿತಾರ್ಥದಲ್ಲಿ ನಾನು ಒಂಟಿಯಾಗಿ ತಟ್ಟೆ ಹಿಡಿದು ನಿಲ್ಲಬೇಕು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಯೋಚಿಸಿದೆ. ನಾವು ಮುಖ ಕಾಣದ ಕಡೆ ಎಷ್ಟು ಸಲೀಸಾಗಿ ಒಳ್ಳೆಯವರಾಗುತ್ತೇವೆ! ದಾವಣಗೆರೆ ಬಂದರೂ ತೀರ್ಮಾನವಾಗಲಿಲ್ಲ. ಜೀವಮಾನವಿಡೀ ತೀರ್ಪನ್ನು ಬೇರೆಯವರಿಗೆ ಬಿಟ್ಟವನು ನಾನು.

ತೀರ್ಪು ತಾನಾಗಿಯೇ ಬಂತು. ಒಂದು ಮಧ್ಯಾಹ್ನ ಗಿರಿಜೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ನಗತೊಡಗಿದಳು. ಅಂದು ಅವಳ ಪ್ರಾಣಿಯ ಹುಟ್ಟುಹಬ್ಬ. ನೀಲಿ ನವಿಲಿನಿಂದ ಉಡುಗೊರೆ ಬಂದಿತ್ತು.

"ನೋಡ್ರಿ ಇಲ್ಲಿ! ಸಂಕ್ರಾಂತಿಗೆ ನಾನು ಕೊಟ್ಟ ಕುಲಾವಿ ನನಗೇ ತಿರುಗಿ ಬಂದೈತೆ!"

ನಾನು ಪೇಪರು ಕೆಳಗಿಟ್ಟೆ. "ಸಿಟ್ಟು ಬರ್ಲಿಲ್ವಾ?"

"ಅದರಾಗೇನೈತೆ? ಬೀರು ತುಂಬಿದ್ರೆ ಯಾವುದು ಯಾರು ಕೊಟ್ಟಿದ್ದು ಅಂತ ನೆನಪಿರ್ತೈತಾ? ಪಾಪ, ಕೊಡಬೇಕು ಅನ್ನೋ ಮನಸು ದೊಡ್ಡದು."

"ಸಾಸಿವೆ ಸೀರೆ ಕೊಟ್ಟೋಳಿಗೂ ನೆನಪಿರಲಿಲ್ಲ ಅನ್ಸುತ್ತೆ."

"ಅದು ಬ್ಯಾರೆ. ಅದು ಬೇಕಂತ ಮಾಡಿದ್ದು."

"ಇದು?"

"ಇದು ಮರೆತು ಮಾಡಿದ್ದು. ನೀಲಿ ನವಿಲು ಅಂಥಾಕಿ ಅಲ್ಲ ರೀ, ಆಕಿ ಮನಸು ನನಗೆ ಗೊತ್ತೈತೆ."

ಗಿರಿಜೆ ನಗುತ್ತಲೇ ತೆರೆಯ ಮೇಲಿನ ಕುಲಾವಿಯನ್ನು ನೋಡಿದಳು. ನಗು ಸಣ್ಣದಾಗುತ್ತ ಬಂತು. ಕೊಟ್ಟದ್ದನ್ನು ಕೊಟ್ಟವರಿಗೇ ಕೊಡುವ ಮನುಷ್ಯರು ಒಂದು ತಾಲ್ಲೂಕಿಗೆ ಎಷ್ಟು ಮಂದಿ ಇರಬಹುದು ಎಂದು ಅವಳು ಲೆಕ್ಕ ಹಾಕಿದಳೋ ಏನೋ, ಅದು ನನ್ನ ಊಹೆ. ಅವಳ ಮುಖದ ಬಣ್ಣ ಬದಲಾದದ್ದು ಮಾತ್ರ ನಾನು ಕಂಡದ್ದು.

"ರೀ, ನೀಲಿ ನವಿಲು ಯಾರು?"

"ಹರಿಹರಕ್ಕೆ ಹೋದಾಗ ಕಸ್ತೂರಿ ಮೊಬೈಲ್‌ನಾಗೆ ಈ ಕುಲಾವಿ ನೋಡಿದೆ" ಎಂದೆ. ಕಂಡಷ್ಟೇ.

ಅವಳು ಎದ್ದು ಒಳಗೆ ಹೋದಳು. ಬೀರುವಿನ ಬಾಗಿಲು ತೆರೆದ ಸದ್ದಾಯಿತು.

ನಿಶ್ಚಿತಾರ್ಥದ ದಿನ ಗಿರಿಜೆ ನನ್ನ ಜೊತೆ ಹೊರಟಳು. ಉಟ್ಟದ್ದು ಸಾಸಿವೆ ಬಣ್ಣದ ಆ ಸೀರೆಯನ್ನು. ಹರಿಹರದ ಮನೆಯ ಬಾಗಿಲಲ್ಲಿ ಕಸ್ತೂರಿ ಮೊದಲು ಗಿರಿಜೆಯನ್ನು ನೋಡಿ ಬೆರಗಾದಳು, ಆಮೇಲೆ ಸೀರೆಯನ್ನು ನೋಡಿ ಬೆವರಿದಳು. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡಿರಬೇಕು. ಗಂಡಿನ ಕಡೆಯವರು ಒಳಗೆ ಕೂತಿದ್ದರು.

"ಏನ್ ನೀಲಿ ನವಿಲಕ್ಕ, ಹೊಸ್ತಿಲಾಗೇ ನಿಲ್ಲಿಸ್ತೀಯೋ, ಒಳಗೆ ಕರೀತೀಯೋ?" ಎಂದಳು ಗಿರಿಜೆ. "ಸೀರೆ ಆತು, ಕುಲಾವಿ ಆತು. ಇನ್ನು ನಿನ್ನ ಬೀರುವಿನ ಕೀಲಿ ನನ್ನ ಕೈಗೆ ಕೊಡು."

ಕಸ್ತೂರಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಮಲ್ಲಿಗೆ ಮೊಗ್ಗು… ಅತ್ತಿಗೆ, ನೀನಾ?" ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರೋ ಅತ್ತರೋ, ನಾನು ಹಿಂದೆ ನಿಂತಿದ್ದರಿಂದ ಕಾಣಿಸಲಿಲ್ಲ. ಮದುಮಗಳು ಮಾತ್ರ ಒಳಗಿನಿಂದ ಇಣುಕಿ ನನಗೆ ಕಣ್ಣು ಹೊಡೆದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೇ ಎಂಬುದಕ್ಕೆ ನನ್ನ ಬಳಿ ಸಾಕ್ಷ್ಯವಿಲ್ಲ.

ತಟ್ಟೆ ಹಿಡಿದು ಜೋಡಿಯಾಗಿ ನಿಂತೆವು. ಊಟದ ಹೊತ್ತಿಗೆ ಗಿರಿಜೆಯ ಕುತ್ತಿಗೆ, ತೋಳು ಎಲ್ಲ ಸಾಸಿವೆ ಬಣ್ಣಕ್ಕೆ ತಿರುಗಿದ್ದವು. ಸೀರೆ ಬೆವರಿಗೆ ಬಣ್ಣ ಬಿಟ್ಟಿತ್ತು. ಅದನ್ನು ಉಟ್ಟವಳು ಅವಳೇ ಮೊದಲಿಗಳಲ್ಲವೇ? ಕಸ್ತೂರಿ ತನ್ನ ಸೆರಗಿನಿಂದ ಅವಳ ಕುತ್ತಿಗೆ ಒರೆಸುತ್ತ ನಕ್ಕಳು: "ಇಂಥಾ ಸೀರೆ ನನಗೆ ಕೊಟ್ಟಿದ್ದಾ ನೀನು? ಯಾವ ಅಂಗಡ್ಯಾಗೆ ಆರಿಸಿದ್ದೆ ಅತ್ತಿಗೆ?"

"ಯಾವುದೋ ಒಂದು. ಈಗ ಯಾರಿಗೆ ನೆನಪೈತೆ" ಎಂದಳು ಗಿರಿಜೆ, ಪಾಯಸದ ಕಡೆ ನೋಡುತ್ತ.

ನನಗೆ ನೆನಪಿತ್ತು. ಆ ಸೀರೆ ಅಂಗಡಿಯಿಂದ ಬಂದದ್ದಲ್ಲ, ರಾಣೆಬೆನ್ನೂರಿನ ಒಂದು ಸೀಮಂತದಿಂದ ಬಂದದ್ದು. ಮೂಲೆಯಲ್ಲಿದ್ದ ಹಳೆಯ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗಿರಿಜೆ ಹೊಸದನ್ನು ಹಚ್ಚಿದ್ದನ್ನು ನಾನು ಕಂಡಿದ್ದೆ. ಆದರೆ ಯಾರೂ ನನ್ನನ್ನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಸಾಕ್ಷಿ ಉತ್ತರಿಸಬಾರದು.

ಸೀರೆ ಒಂದೇ ಒಗೆತಕ್ಕೆ ಮುಗಿದುಹೋಯಿತು. ಅದು ಹೋದ ದುಃಖಕ್ಕೋ ಏನೋ, ಅತ್ತಿಗೆ ನಾದಿನಿ ಸೇರಿ ಅದನ್ನೇ ಪ್ರಾಣಿಗೆಂದು ಬರೆದರು. ಸಾಸಿವೆ ಮೈ, ಹಸಿರು ಅಂಚು, ಮೂಲೆಯಲ್ಲೊಂದು ಕುಂಕುಮದ ಚುಕ್ಕೆ. ಪರಿಶೀಲಕರು ಈ ಸಲ ಕೊಳೆ ಎನ್ನಲಿಲ್ಲ, ಕಲಿತಿದ್ದಾರೆ. ಜಗತ್ತಿನ ಆಟಗಾರರೆಲ್ಲ ಆ ಸೀರೆಯನ್ನು ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಿದ್ದಾರಂತೆ. ಅದನ್ನು ಉಟ್ಟ ಪ್ರಾಣಿ ಮಾತ್ರ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

ಮೊನ್ನೆ ಅದು ನನ್ನ ಪ್ರಾಣಿಯ ಬೀರುವಿಗೂ ಬಂತು. ಕಳಿಸಿದವರು ಯಾರೋ ಗೊತ್ತಿಲ್ಲ. ಮುಂದಕ್ಕೆ ಯಾರಿಗೆ ಕೊಡಲಿ ಎಂದು ಒಂದು ಕ್ಷಣ ನನ್ನ ಬೆರಳೂ ತಡಕಾಡಿತು. ಆಮೇಲೆ ಹಳೆಯ ರುಮಾಲು ತೆಗೆದು, ನನ್ನ ಪ್ರಾಣಿಗೆ ಆ ಸೀರೆಯನ್ನೇ ಉಡಿಸಿದೆ. ಗಂಡೋ ಹೆಣ್ಣೋ ನಾನು ಇದುವರೆಗೆ ವಿಚಾರಿಸಿಲ್ಲ. ಅದಂತೂ ತಕರಾರು ಮಾಡದೆ ಉಟ್ಟುಕೊಂಡು ನಿಂತಿದೆ.