ಟವೆಲ್ ಹಾಕಿ ಹಿಡಿದ ಏಳು ಸೀಟು

ಇದು ಹೋದ ವರ್ಷದ ಬೇಸಿಗೆ ರಜದ ಮಾತು. ಅಮೆರಿಕದ ಸಮಾಮಿಶ್‌ನಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಜನ. ಮಗಳು ಗೌರಿ, ಅಳಿಯ ಮಂಜು, ಮೊಮ್ಮಗಳು ಅನು, ನಾನು. ನಾನು ಓದಿದ್ದು ಮೂರನೇ ಕ್ಲಾಸು. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಸೌತೆಕಾಯಿ ಮಾರಿದವಳು. ಬಸ್ಸಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ತಿಳಿದಿದ್ದೆ.

ನಮ್ಮಿಂದ ಮೂರು ಮನೆ ಆಚೆ ನಸೀಮಾ ಇದಾಳೆ. ಮೈಸೂರಿನವಳು. ಗಂಡ ಹೋದ ಮೇಲೆ ಹಿಟ್ಟಿನ ಗಿರಣಿ ಒಬ್ಬಳೇ ನಡೆಸಿ ಮಗಳು ಶಾಹೀನ್‌ನ ಓದಿಸಿದಳು. ಈಗ ಮಗಳು ಅಳಿಯನ ಜೊತೆ ಇಲ್ಲಿದಾಳೆ. ಈ ಊರಲ್ಲಿ ಕರಿಬೇವು ತರಬೇಕಾದರೂ ಕಾರು ಬೇಕು. ನಮ್ಮಿಬ್ಬರಿಗೂ ಕಾರು ಓಡಿಸೋಕೆ ಬರಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಜೊತೆಗೆ ನಡೀತೀವಿ, ಜೊತೆಗೇ ಊರವರನ್ನೆಲ್ಲ ಬೈತೀವಿ.

ಎರಡು ಮನೆಯವರೂ ಸೇರಿ ಯುರೋಪಿಗೆ ಹೋಗೋದು ಅಂತ ಆಯಿತು. ಮಕ್ಕಳಿಗೆ ಪ್ಯಾರಿಸ್ ನೋಡಬೇಕು. ನಸೀಮಾಗೆ ಪ್ಯಾರಿಸ್ ಬೇಡ. ಆಮ್‌ಸ್ಟರ್‌ಡ್ಯಾಮ್ ಹತ್ತಿರ ಗಾಳಿಯಲ್ಲೇ ಹಿಟ್ಟು ಬೀಸೋ ಗಿರಣಿ ಇದೆಯಂತೆ, ಫೋನಿನಲ್ಲಿ ನೋಡಿದ್ದಳು. "ಕರೆಂಟು ಹೋದಾಗೆಲ್ಲ ಜನ ಡಬ್ಬ ಹಿಡ್ಕೊಂಡು ನನ್ನನ್ನೇ ಬೈಯೋರು ಅಕ್ಕ. ಕರೆಂಟೇ ಬೇಡದ ಗಿರಣಿ ಒಂದು ಸಲ ನೋಡ್ಬೇಕು" ಅಂತ ತಿಂಗಳುಗಟ್ಟಲೆ ಅದೇ ಮಾತು.

ಒಂದು ಭಾನುವಾರ ಏಳೂ ಜನ ನಮ್ಮ ಊಟದ ಟೇಬಲ್ ಸುತ್ತ ಕೂತೆವು. ಮಂಜು ಲ್ಯಾಪ್‌ಟಾಪ್ ತೆಗೆದ. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ರೈಲಿನಲ್ಲಿ ಮೂರೂವರೆ ಗಂಟೆ, ಆದರೆ ಏಳು ಜನಕ್ಕೆ ಗುಣಿಸಿದಾಗ ಶಾಹೀನ್ ಮುಖ ಸಣ್ಣದಾಯಿತು. ಅವಳ ಕೆಲಸ ಚಳಿಗಾಲದಲ್ಲೇ ಹೋಗಿತ್ತು.

"ನಾವು ಪ್ಯಾರಿಸ್ ಮಾತ್ರ ನೋಡ್ಕೊಂಡು ವಾಪಸ್ ಬಂದ್ಬಿಡ್ತೀವಿ, ನೀವು ಮುಂದಕ್ಕೆ ಹೋಗಿ" ಅಂದಳು.

ನಸೀಮಾ ತಟ್ಟೆಯಲ್ಲಿದ್ದ ಕೋಡುಬಳೆ ಮುರೀತಾ, "ಗಿರಣಿ ಎಲ್ಲಿಗೂ ಓಡ್ಹೋಗಲ್ಲ ಬಿಡು" ಅಂದಳು. ಮುರಿದಳೇ ಹೊರತು ತಿನ್ನಲಿಲ್ಲ. ನನಗೆ ಸಿಟ್ಟು ಬಂತು.

"ಅದೇನು ರೈಲು ಒಂದೇನಾ? ಬೇರೆ ಏನೇನಿದೆ ಓದು" ಅಂತ ಮಂಜುಗೆ ಹೇಳಿದೆ.

"ವಿಮಾನ ಇದೆ ಅತ್ತೆ. ರೈಲಿಗಿಂತ ಅಗ್ಗ."

"ಪೆಟ್ಟಿಗೆಗೆ?"

ಹುಡುಕಿದ. ಪೆಟ್ಟಿಗೆಗೆ ಬೇರೆ ದುಡ್ಡು. "ಇಳ್ಕೊಂಡ ಕಡೆಯಿಂದ ವಿಮಾನಕ್ಕೆ, ವಿಮಾನದಿಂದ ಊರಿಗೆ?" ಅಂದೆ. ಅದೂ ಬೇರೆ. ಅಗ್ಗ ಅಂದದ್ದು ರೈಲಿನ ಮಟ್ಟಕ್ಕೇ ಬಂತು. ದೊಡ್ಡ ವ್ಯಾನ್ ಬಾಡಿಗೆಗೆ ಸಿಗುತ್ತೆ, ಆದರೆ ಒಂದು ದೇಶದಲ್ಲಿ ಹತ್ತಿ ಇನ್ನೊಂದು ದೇಶದಲ್ಲಿ ಬಿಟ್ಟರೆ ವ್ಯಾನಿನ ಬಾಡಿಗೆಯಷ್ಟೇ ಮತ್ತೆ ಕೊಡಬೇಕಂತೆ.

"ಬಸ್ಸಿಲ್ವಾ?"

ಗೌರಿ ತಲೆ ಚಚ್ಚಿಕೊಂಡಳು. "ಅಮ್ಮಾ, ಎಂಟು ಗಂಟೆ! ನಿನ್ನ ಮಂಡಿ ಏನಾಗ್ಬೇಡ?"

"ನನ್ನ ಮಂಡಿ ನಾನು ನೋಡ್ಕೋತೀನಿ. ರೇಟು ಹೇಳೋ ಮಂಜು."

ರೈಲಿನ ದುಡ್ಡಲ್ಲಿ ಕಾಲು ಭಾಗ. ಪೆಟ್ಟಿಗೆ ಅದರಲ್ಲೇ ಸೇರಿತ್ತು. ಊರ ಮಧ್ಯದಿಂದ ಹೊರಡೋದು, ನೇರ ಹೋಗೋದು. ಶಾಹೀನ್ ಗಂಡನ ಮುಖ ನೋಡಿದಳು, ಅವನು ಹೂಂ ಅಂದ. ನಸೀಮಾ ಕೋಡುಬಳೆ ಬಾಯಿಗೆ ಹಾಕಿಕೊಂಡಳು. ನನಗೆ ಅಷ್ಟು ಸಾಕಾಗಿತ್ತು.

"ಒಂದು ವಿಷಯ ಅತ್ತೆ, ಸೀಟ್ ನಂಬರಿಗೆ ಎಕ್ಸ್‌ಟ್ರಾ ಕೊಡ್ಬೇಕು. ನಾನು ತಗೊಳ್ಳಲ್ಲ. ಖಾಲಿ ಇರೋ ಕಡೆ ಕೂರೋದು" ಅಂದ ಮಂಜು.

"ಸೀಟಿನ ಚಿಂತೆ ನನಗಿರಲಿ" ಅಂದೆ. ಎಡವಿದ್ದು ಅಲ್ಲೇ.

ಪ್ಯಾರಿಸ್ ಬಗ್ಗೆ ಬರೆಯೋಕೆ ಏನೂ ಇಲ್ಲ. ಗೋಪುರ ಎತ್ತರ ಇತ್ತು, ಕ್ಯೂ ಉದ್ದ ಇತ್ತು. ಮೂರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದೆವು. ಎಷ್ಟು ಜನ! ನನ್ನ ಮೈಯಲ್ಲಿ ಹಳೇ ರಕ್ತ ಓಡಾಡಿತು. ಅಳಿಯಂದಿರಿಬ್ಬರೂ ಪೆಟ್ಟಿಗೆ ಎಳೆಯುತ್ತಿದ್ದರು, ಗೌರಿ, ಶಾಹೀನ್ ಟಿಕೆಟ್ ಹುಡುಕುತ್ತಿದ್ದರು. ಹೀಗೆ ನಿಂತರೆ ಏಳು ಜನಕ್ಕೆ ಏಳು ಕಡೆ ಸೀಟು ಅಂತ ನನಗೆ ಗೊತ್ತು. ಎದುರಿಗೆ ಬಸ್ಸು ನಿಂತಿತ್ತು. ಡ್ರೈವರು ಕೆಳಗೆ ಪೆಟ್ಟಿಗೆ ತುಂಬಿಸುತ್ತಿದ್ದ, ನಡುಬಾಗಿಲು ತೆರೆದಿತ್ತು. ಮಂಡಿ ನೋವು ಎಲ್ಲಿ ಹೋಯಿತೋ, ಹತ್ತಿಬಿಟ್ಟೆ.

ನಮ್ಮೂರ ಥರ ಕಿಟಕಿಯಿಂದ ಟವೆಲ್ ಎಸೆಯೋಣ ಅಂದರೆ ಆ ಬಸ್ಸಿಗೆ ತೆರೆಯೋ ಕಿಟಕಿಯೇ ಇಲ್ಲ. ಅದಕ್ಕೇ ಒಳಗೆ ಹೋಗಿ ಕೈಯಾರೆ ಹಾಕಿದೆ. ನನ್ನ ಟವೆಲ್ಲು, ಎರಡು ಕರ್ಚೀಫು, ಅನು ಸ್ವೆಟರು, ನಸೀಮಾ ಶಾಲು, ನೀರಿನ ಬಾಟ್ಲಿ, ಚಕ್ಕುಲಿ ಡಬ್ಬ. ಏಳೂ ಸೀಟು ಒಂದೇ ಕಡೆ. ಒಬ್ಬ ವಯಸ್ಸಾದ ಬಿಳಿಯ ಬಂದು ಟವೆಲ್ ನೋಡಿದ, ನನ್ನ ನೋಡಿದ, ಹಿಂದಕ್ಕೆ ಹೋದ. ಮರ್ಯಾದಸ್ಥ ಅಂದುಕೊಂಡೆ.

ಬಾಗಿಲು ಮುಚ್ಚಿತು. ನಮ್ಮವರು ಇನ್ನೂ ಹತ್ತಿಲ್ಲವಲ್ಲ ಅಂತ ಹೊರಗೆ ನೋಡಿದರೆ ಆರೂ ಜನ ಪಕ್ಕದ ಬಸ್ಸಿನ ಮುಂದೆ ನಿಂತಿದಾರೆ! ಅದೇ ಬಣ್ಣ, ಅದೇ ಎತ್ತರ. ನನ್ನ ಬಸ್ಸು ಹೊರಟಿತು.

"ಹೋಲ್ಡಾನ್! ಹೋಲ್ಡಾನ್!" ಅಂತ ಕಂಡಕ್ಟರ್ ಥರ ಕೂಗಿದೆ. ತಲೆ ಮೇಲಿನ ತಗಡು ಬಡಿದೆ. ಯಾರಿಗೂ ಅರ್ಥ ಆಗಲಿಲ್ಲ. ಒಬ್ಬಳು ನಕ್ಕು ಬೆಲ್ಟ್ ಹಾಕಿಕೊಳ್ಳೋದು ತೋರಿಸಿದಳು. ಕೈಯಲ್ಲಿ ಫೋನಿಲ್ಲ, ಪಾಸ್‌ಪೋರ್ಟಿಲ್ಲ. ಬದುಕಿನಲ್ಲಿ ನಾನು ಅಷ್ಟು ಹೆದರಿದ್ದು ಕಡಿಮೆ.

ಹೊರಗೆ ಮೊದಲು ನೋಡಿದವಳು ನಸೀಮಾ. ಕಿಟಕಿಯಲ್ಲಿ ನನ್ನ ಮುಖ ಕಂಡಿತಂತೆ. ಎಪ್ಪತ್ತು ವರ್ಷದ ಹೆಂಗಸು, ಬ್ಯಾಗ್ ಎಸೆದು ಓಡಿ ಬಂದು ಬಸ್ಸಿನ ಎದುರಿಗೇ ಎರಡೂ ಕೈ ಅಗಲಿಸಿ ನಿಂತಳು. ಮೆಲ್ಲಗೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಡ್ರೈವರು ಇಳಿದು ಅವನ ಭಾಷೆಯಲ್ಲಿ ಕೂಗಿದ. ಇವಳು ಕನ್ನಡದಲ್ಲಿ ಅದಕ್ಕಿಂತ ಜೋರಾಗಿ, "ನಮ್ಮಕ್ಕನ್ನ ಎತ್ತಾಕ್ಕೊಂಡು ಎಲ್ಲಿಗೆ ಹೊರಟ್ಯೋ? ಬಾಗಿಲು ತೆಗಿಯೋ!" ಅಂದಳು. ಬಾಗಿಲು ತೆಗೆದ.

ನಾನು ಇಳಿಯಲಿಲ್ಲ. ಟವೆಲ್ ಬಿಟ್ಟು ಇಳಿಯೋಕಾಗುತ್ತಾ? ಏಳೂ ಸೀಟಿನಿಂದ ಏಳೂ ಸಾಮಾನು ಆಯ್ದುಕೊಂಡೆ. ಆ ವಯಸ್ಸಾದವನು ಎದ್ದು ಬಂದು ಶಾಲು ಮಡಿಸಿ ನನ್ನ ಕೈಗೆ ಕೊಟ್ಟ. ಅವನಿಗೆ ಎರಡು ಚಕ್ಕುಲಿ ಕೊಟ್ಟು ಇಳಿದೆ.

"ಅಜ್ಜೀ, ದಟ್ ಬಸ್ ವಾಸ್ ಗೋಯಿಂಗ್ ಟು ಲಿಯಾನ್!" ಅಂತ ಅನು ಹೊಟ್ಟೆ ಹಿಡಿದು ನಕ್ಕಳು. ಲಿಯಾನ್ ಅಂದರೆ ನಾವು ಹೋಗೋದಕ್ಕೆ ತದ್ವಿರುದ್ಧ ದಿಕ್ಕಿನ ಊರಂತೆ. ಗೌರಿ ಅತ್ತಳು, ಆಮೇಲೆ ಬೈದಳು. ಮಂಜು ನನ್ನ ಕೈಯಲ್ಲಿದ್ದ ಟವೆಲ್ ಈಸಿಕೊಂಡು ತನ್ನ ಬ್ಯಾಗಲ್ಲಿ ಹಾಕಿ ಜಿಪ್ ಎಳೆದ.

ನಮ್ಮ ಬಸ್ಸಿನಲ್ಲಿ ಏಳು ಜನಕ್ಕೆ ಐದು ಕಡೆ ಸೀಟು ಸಿಕ್ಕಿತು. ನನಗೂ ನಸೀಮಾಗೂ ಕಟ್ಟಕಡೆಯಲ್ಲಿ ಪಕ್ಕಪಕ್ಕ. ಎಂಟು ಗಂಟೆ ನಕ್ಕಿದ್ದೇ ನಕ್ಕಿದ್ದು. ಮಂಡಿ ಊದಿತು, ಅದನ್ನ ಗೌರಿಗೆ ಇವತ್ತಿಗೂ ಹೇಳಿಲ್ಲ. ಈಗ ಓದಿಕೊಳ್ಳಲಿ.

ಮಾರನೇ ದಿನ ಗಿರಣಿಗೆ ಹೋದೆವು. ಗಾಳಿಗೆ ರೆಕ್ಕೆ ಗಿರಗಿರ ತಿರುಗುತ್ತಿತ್ತು, ಒಳಗೆ ದೊಡ್ಡ ಕಲ್ಲು ಓಡುತ್ತಿತ್ತು. ನಸೀಮಾ ಬಾಯಿಬಿಟ್ಟುಕೊಂಡು ನೋಡ್ತಾಳೆ ಅಂದುಕೊಂಡಿದ್ದೆ. ಅವಳು ಸೀದಾ ಹೋಗಿ ಹಿಟ್ಟು ಬೀಳೋ ಕಡೆ ಕೈಯೊಡ್ಡಿ, ಹೆಬ್ಬೆರಳಲ್ಲಿ ತಿಕ್ಕಿ, "ಅಕ್ಕ, ತರಿ ಉಳಿದಿದೆ. ಕಲ್ಲು ಬಿಗಿ ಮಾಡ್ಬೇಕು" ಅಂದಳು. ಅನು ಅದನ್ನ ಇಂಗ್ಲಿಷಲ್ಲಿ ಗಿರಣಿಯವನಿಗೆ ಹೇಳಿದಳು. ಅವನೂ ತಿಕ್ಕಿ ನೋಡಿದ, ನಕ್ಕ, ಹೋಗಿ ಏನೋ ತಿರುಗಿಸಿದ. ನಸೀಮಾ ಮತ್ತೆ ಕೈಯೊಡ್ಡಿದಳು. "ಈಗ ಸರಿಯಾಯ್ತು" ಅಂದಳು. ಅವಳ ಮೂಗಿನ ಮೇಲೆಲ್ಲ ಹಿಟ್ಟು. ಅಷ್ಟು ಚೆಂದದ ಮುಖ ನಾನು ಆ ಊರುಗಳಲ್ಲಿ ಬೇರೆಲ್ಲೂ ನೋಡಲಿಲ್ಲ.

ಅಗ್ಗದ ಬಸ್ಸಿನ ಬಗ್ಗೆ ಕೇಳಿದರೆ ನಾನು ಈಗಲೂ ಹೋಗಿ ಅಂತಲೇ ಹೇಳ್ತೀನಿ. ಬೋರ್ಡು ಓದಿಸಿಕೊಂಡು ಆಮೇಲೆ ಟವೆಲ್ ಹಾಕಿ, ಅಷ್ಟೇ. ನಾವಿಬ್ಬರೂ ದಿನಾ ಬೆಳಿಗ್ಗೆ ನಡೀತಾನೇ ಇದೀವಿ. ನಾನು ಮಾತಿನ ಭರದಲ್ಲಿ ಮುಂದೆ ಮುಂದೆ ಹೋದರೆ ಹಿಂದಿನಿಂದ ನಸೀಮಾ, "ಹೋಲ್ಡಾನ್!" ಅಂತ ಕೂಗ್ತಾಳೆ. ನಾನು ನಿಲ್ತೀನಿ.