ದೊಡ್ಡಮ್ಮ ಮುಚ್ಚಿಟ್ಟ ಹೊಗೆ

ದೊಡ್ಡಮ್ಮನ ಸೆರಗಿನಲ್ಲಿ ಎರಡು ವಾಸನೆಗಳಿದ್ದವು. ಮೇಲೆ ಇಂಗಿನ ಒಗ್ಗರಣೆಯದು, ಅದರಡಿಯಲ್ಲಿ ಸಿಗರೇಟಿನದು. ಎಷ್ಟು ಒಗೆದರೂ ಎರಡನೆಯದು ಹೋಗುತ್ತಿರಲಿಲ್ಲ. ಜನ್ಮದಲ್ಲಿ ಒಂದು ಸಿಗರೇಟನ್ನೂ ಕೈಯಲ್ಲಿ ಹಿಡಿಯದ ಹೆಂಗಸು ಅವಳು.

ಸೂರತ್ತಿನಲ್ಲಿ ದೊಡ್ಡಪ್ಪನದು ಉಡುಪಿ ಹೋಟೆಲು. ಕಾಲೇಜು ಓದಲು ಹೋದ ನಾನು ಅವರ ಮನೆಯಲ್ಲೇ ಉಳಿದೆ; ಮಕ್ಕಳಿಲ್ಲದ ದೊಡ್ಡಮ್ಮ ನನ್ನನ್ನು ಮಗಳೆಂದೇ ನೋಡಿಕೊಂಡಳು. ಹಣೆಗೆ ಗಂಧ ಇಟ್ಟು ಗಲ್ಲಾದಲ್ಲಿ ಕೂತರೆ ದೊಡ್ಡಪ್ಪ ದೇವರಂಥ ಮನುಷ್ಯ. ಹೋಟೆಲಿನ ಮೆಟ್ಟಿಲ ಬಳಿ ಯಾರಾದರೂ ಬೀಡಿ ಹಚ್ಚಿದರೆ ತಾವೇ ಎದ್ದು ಹೋಗಿ ಗದರುತ್ತಿದ್ದರು. ಮನೆ ಸೇರಿದ ಮೇಲೆ ಮಾತ್ರ ಒಂದರ ಹಿಂದೆ ಒಂದು ಸಿಗರೇಟು. ದಿನವಿಡೀ ಬಿಗಿಹಿಡಿದದ್ದನ್ನೆಲ್ಲ ಸೋಫಾದ ಮೇಲೆ ಕೂತು ತೀರಿಸಿಕೊಳ್ಳುತ್ತಿದ್ದರು.

ನಮ್ಮ ಕಟ್ಟಡದ ತುಂಬ ಜೈನರು, ಈರುಳ್ಳಿಯನ್ನೂ ಮುಟ್ಟದವರು. ಹೋಟೆಲಿನ ಯಜಮಾನರಿಗೆ ಚಟ ಇದೆಯಂತೆ ಎಂಬ ಮಾತು ಅವರ ಬಾಯಲ್ಲಿ ಬರಬಾರದೆಂದು ದೊಡ್ಡಮ್ಮನ ಹಟ. ಅವಳ ಲೆಕ್ಕದಲ್ಲಿ ತಪ್ಪೆಂದರೆ ಹೊರಗೆ ಕಾಣುವಂಥದ್ದು. ದೊಡ್ಡಪ್ಪ ಕಡ್ಡಿ ಗೀರುವ ಮೊದಲೇ ಎದ್ದು ಕಿಟಕಿಗಳನ್ನು ಮುಚ್ಚಿ, ಬಾಗಿಲಡಿಯ ಸಂದಿಗೆ ಹಳೆಯ ಟವೆಲು ತುರುಕಿ, ಊದಿನಕಡ್ಡಿ ಹಚ್ಚುತ್ತಿದ್ದಳು. ಆಮೇಲೆ ಗಂಡನ ಪಕ್ಕದಲ್ಲೇ ಕೂತು ಹೋಟೆಲಿನ ಸುದ್ದಿ ಕೇಳುವಳು. ಅದು ಅವರಿಬ್ಬರ ಸುಖದ ಹೊತ್ತು. ನನ್ನನ್ನು ಮಾತ್ರ ಒಳಕೋಣೆಗೆ ಅಟ್ಟುತ್ತಿದ್ದಳು.

"ನೀನು ಓದುವವಳು. ಈ ಹೊಗೆ ನಿಂಗೆ ಬೇಡ."

"ಮತ್ತೆ ನಿಂಗೆ?"

"ನಂಗೆ ಎಂತ ಆಗ್ತದೆ ಮಾರಾಯ್ತಿ? ಸೇದುವುದು ಅವರು."

ಒಂದು ಮಧ್ಯಾಹ್ನ ಉದ್ದು ತೊಳೆಯುತ್ತಿದ್ದವಳು ಮೈಯೆಲ್ಲ ಬೆವರಿ ನೆಲಕ್ಕೆ ಕುಸಿದು ಕೂತಳು. ಗ್ಯಾಸು ಎಂದು ಮಜ್ಜಿಗೆ ಕುಡಿದಳು. ಎಡತೋಳು ಹಿಡಿದುಕೊಂಡದ್ದು ನೋಡಿ ನಾನು ಅವಳ ಮಾತು ಕೇಳದೆ ಆಟೋ ಹತ್ತಿಸಿದೆ. ಆಸ್ಪತ್ರೆಯಲ್ಲಿ ಪರೀಕ್ಷೆಯೆಲ್ಲ ಮುಗಿಸಿದ ಡಾಕ್ಟರು, "ಮಾಸಿ, ಎಷ್ಟು ವರ್ಷದಿಂದ ಸೇದ್ತಿದ್ದೀರಿ?" ಎಂದು ಹಿಂದಿಯಲ್ಲಿ ಕೇಳಿದರು. ಅವಮಾನದಿಂದ ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. ಸೇದುವವರು ಯಾರೆಂದು ನಾನೇ ಹೇಳಿದೆ. ಪಕ್ಕದವರ ಹೊಗೆ ಕುಡಿದರೂ ಹೃದಯದ ರಕ್ತನಾಳ ಹಾಳಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಊದಿನಕಡ್ಡಿ ವಾಸನೆಯನ್ನಷ್ಟೇ ಮರೆಸುತ್ತದೆ, ಇನ್ನು ಮನೆಯೊಳಗೆ ಒಂದು ಸಿಗರೇಟೂ ಕೂಡದು ಎಂದರು ಡಾಕ್ಟರು. ಹೋಟೆಲಿನಿಂದ ಓಡಿಬಂದಿದ್ದ ದೊಡ್ಡಪ್ಪ ತಲೆ ತಗ್ಗಿಸಿ ನಿಂತಿದ್ದರು.

ಬಿಡಲು ನೋಡಿದರು, ಆಗಲಿಲ್ಲ. ಕೆಳಗೆ ಸ್ಕೂಟರು ನಿಲ್ಲಿಸುವಲ್ಲಿ ಹೋಗಿ ಸೇದತೊಡಗಿದರು. ನನಗೆ ಅಷ್ಟೇ ಸಮಾಧಾನ. ಆದರೆ ಒಂದು ಸಂಜೆ, ಬಸದಿಯಿಂದ ಮರಳುತ್ತಿದ್ದ ನೆರೆಯವರು ಗೇಟಿನ ಬಳಿ ಬರುವುದನ್ನು ದೊಡ್ಡಮ್ಮ ಬಾಲ್ಕನಿಯಿಂದ ಕಂಡಳು. ಕೂಡಲೇ ಕೆಳಗಿದ್ದ ದೊಡ್ಡಪ್ಪನಿಗೆ ಫೋನು ಮಾಡಿದಳು.

"ಮೇಲೆ ಬನ್ನಿ. ಅಲ್ಲಿ ನಿಂತು ಮರ್ಯಾದೆ ಕಳ್ಕೊಳ್ಬೇಡಿ."

"ದೊಡ್ಡಮ್ಮ, ಡಾಕ್ಟ್ರು ಎಂತ ಹೇಳಿದ್ದು?"

"ಡಾಕ್ಟ್ರಿಗೆ ನಮ್ಮ ಬಿಲ್ಡಿಂಗಿನವರು ಗೊತ್ತುಂಟಾ?"

ದೊಡ್ಡಪ್ಪ ಮೇಲೆ ಬಂದರು. ಮರುದಿನವೂ ಕೆಳಗೆ ಹೋಗಲಿಲ್ಲ. ಅವಳು ಕರೆದದ್ದಕ್ಕೂ ಅವರು ಬಂದದ್ದಕ್ಕೂ ನನಗೆ ಸಿಟ್ಟು ಬಂತು, ಈಗಲೂ ಇಳಿದಿಲ್ಲ. ಬೈದೆ, ಊಟ ಬಿಟ್ಟೆ, ಅತ್ತೆ. ದೊಡ್ಡಮ್ಮ ನನ್ನ ತಲೆ ಸವರಿ ತಟ್ಟೆ ಮುಂದಿಟ್ಟಳು. ಮತ್ತೆ ಎದ್ದು ಹೋಗಿ ಕಿಟಕಿ ಮುಚ್ಚಿದಳು.

ಆ ಚಳಿಗಾಲವನ್ನು ದೊಡ್ಡಮ್ಮ ದಾಟಲಿಲ್ಲ. ಎರಡನೆಯ ಸಲ ಎದೆ ಹಿಡಿದುಕೊಂಡವಳು ಆಸ್ಪತ್ರೆ ಮುಟ್ಟಲಿಲ್ಲ. ಅಷ್ಟು ದೂರದ ಊರಿನಲ್ಲಿ ನನಗಿದ್ದ ತಾಯಿ ಆಟೋದಲ್ಲಿ ನನ್ನ ಭುಜಕ್ಕೆ ಒರಗಿಕೊಂಡೇ ಹೋಗಿಬಿಟ್ಟಳು.

ಮಾತಾಡಿಸಲು ಕಟ್ಟಡದವರೆಲ್ಲ ಬಂದರು. ಎದುರುಮನೆಯ ಜೈನ ಅಜ್ಜಿ ದೊಡ್ಡಪ್ಪನ ಪಕ್ಕದಲ್ಲಿ ಕೂತು, ಇಷ್ಟು ಒಳ್ಳೆಯ ಹೆಂಗಸಿಗೆ ಹೀಗಾಯಿತಲ್ಲ ಎಂದು ಕಣ್ಣೊರೆಸಿಕೊಂಡರು. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ತಮ್ಮ ಹರಕು ಗುಜರಾತಿಯಲ್ಲಿ ಎಲ್ಲರೆದುರು ಹೇಳಿದರು, "ನಾನು ಸೇದುತ್ತಿದ್ದೆ. ಮನೆಯೊಳಗೇ ಸೇದುತ್ತಿದ್ದೆ. ನಿಮಗೆ ಗೊತ್ತಾಗಬಾರದೆಂದು ಅವಳು ಎಲ್ಲ ಮುಚ್ಚಿ ಕೂರುತ್ತಿದ್ದಳು."

ಯಾರೂ ಬೆಚ್ಚಲಿಲ್ಲ. ಅಜ್ಜಿ ಅವರ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು, "ಗೊತ್ತಿತ್ತು ಭಾಯಿ. ಮೊದಲಿನಿಂದಲೂ ನಮಗೆಲ್ಲ ಗೊತ್ತಿತ್ತು. ಅವಳಿಗೆ ನಾಚಿಕೆಯಾದೀತೆಂದು ಯಾರೂ ಬಾಯಿ ಬಿಡಲಿಲ್ಲ."