ಬದಲಿ ಗೆಳತಿ

ಔರಾದ ತಾಲ್ಲೂಕಿನಲ್ಲಿ, ಠಾಣಾ ಕುಶನೂರಿನಿಂದ ಒಳಗೆ ಹೋಗುವ ರಸ್ತೆಯ ಕೊನೆಯ ಹಳ್ಳಿಯಲ್ಲಿ ನಾನು ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಮಳೆ ಸತತವಾಗಿ ಕೈಕೊಟ್ಟ ವರ್ಷಗಳು ಅವು. ತೊಗರಿ ಹೂವಿನಲ್ಲೇ ಒಣಗಿತ್ತು, ಕೊಳವೆಬಾವಿಗಳಲ್ಲಿ ನೀರಿನ ಬದಲು ಗಾಳಿ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಶಾಲೆಗೆ ಸಮುದ್ರದಾಚೆಯ ಒಂದು ಶಾಲೆಯ ಜೊತೆ ನಂಟು ಕೂಡಿಸಿದರು. ಎರಡೂ ಕಡೆಯ ಮಕ್ಕಳು ಸೇರಿ ಸುಸ್ಥಿರತೆ ಕಲಿಯಬೇಕಂತೆ. ಅಂದರೆ ನೀರು, ಮಣ್ಣು, ಗಿಡಗಳನ್ನು ಮುಂದಿನವರಿಗೂ ಉಳಿಯುವ ಹಾಗೆ ಬಳಸುವುದು. ಅದರಲ್ಲಿ ತಪ್ಪೇನಿದೆ? ಮೊದಮೊದಲು ನನಗೂ ಹುರುಪೇ ಇತ್ತು.

ಈ ಕೆಲಸಕ್ಕೆ ಬೀದರ ನಗರದ ಸಂಸ್ಥೆಯೊಂದರಿಂದ ಒಬ್ಬ ಸಂಯೋಜಕರು ಬರುತ್ತಿದ್ದರು. ಇಸ್ತ್ರಿ ಮುರಿಯದ ಜುಬ್ಬಾ, ಬೆಣ್ಣೆಯಂಥ ಮಾತು. ನಮ್ಮ ಒಂದೊಂದು ಮಗುವಿಗೂ ಅಲ್ಲಿಯ ಒಬ್ಬೊಬ್ಬ ಗೆಳತಿಯನ್ನೋ ಗೆಳೆಯನನ್ನೋ ಗೊತ್ತುಮಾಡಿದರು. ತಿಂಗಳಿಗೊಮ್ಮೆ ಮಕ್ಕಳನ್ನು ಜೀಪಿನಲ್ಲಿ ತುಂಬಿಕೊಂಡು ಭಾಲ್ಕಿಗೆ ಹೋಗುವುದು, ಅಲ್ಲಿ ಇಂಟರ್ನೆಟ್ ಇದ್ದ ಒಂದು ಶಾಲೆಯ ಕೋಣೆಯಲ್ಲಿ ಪರದೆಯ ಮುಂದೆ ಕೂತು ಮಾತಾಡುವುದು. ಮಕ್ಕಳ ಕನ್ನಡವನ್ನು ಸಂಯೋಜಕರೇ ಇಂಗ್ಲಿಷಿಗೆ ತಿರುಗಿಸುತ್ತಿದ್ದರು.

ನನ್ನ ತರಗತಿಯ ಒಬ್ಬ ಹುಡುಗಿ ಆ ಮಾತುಕತೆಗೆ ಚಾತಕದ ಹಾಗೆ ಕಾಯುತ್ತಿದ್ದಳು. ಗಟ್ಟಿ ದನಿ, ಅಂಜಿಕೆಯೇ ಇಲ್ಲ. ಒಮ್ಮೆ ಅವಳ ವಿದೇಶಿ ಗೆಳತಿ, ನೀರು ಉಳಿಸಲು ತಾನು ಬೇಗ ಸ್ನಾನ ಮುಗಿಸುತ್ತೇನೆ ಎಂದಳು. ಇವಳು ಥಟ್ಟನೆ ಕೇಳಿದಳು: "ಉಳಿಸಿದ ನೀರು ಎದ್ರಾಗ ತುಂಬಿ ಇಡ್ತಿ? ನಿಮ್ಮ ಮನ್ಯಾಗ ಎಷ್ಟು ಕೊಡ ಅವ?"

ಸಂಯೋಜಕರು ಅದನ್ನು "ಶಭಾಷ್ ಅಂತಿದ್ದಾಳೆ" ಎಂದು ತಿರುಗಿಸಿಬಿಟ್ಟರು. ಬೀದರಿನ ಮಿಷನ್ ಕಂಪೌಂಡಿನಲ್ಲಿ ಬೆಳೆದವಳು ನಾನು. ಇಂಗ್ಲಿಷ್ ಮಾತು ತಡವರಿಸಿದರೂ ಕಿವಿಗೆ ಬಿದ್ದದ್ದು ತಿಳಿಯುತ್ತದೆ. ಆ ದಿನ ಮಾತ್ರ, ಹೋಗಲಿ ಬಿಡು ಎಂದುಕೊಂಡೆ.

ದೀಪಾವಳಿ ಮುಗಿಯುತ್ತಲೇ ಊರು ಖಾಲಿಯಾಗತೊಡಗಿತು. ಈ ಹುಡುಗಿಯ ಅಪ್ಪ ಅವ್ವ ಕಬ್ಬು ಕಡಿಯಲು ಲಾತೂರಿನ ಕಡೆ ಹೊರಟರು. ಕೂಸು ತಮ್ಮನನ್ನು ನೋಡಿಕೊಳ್ಳಲು ಇವಳೂ ಹೋಗಬೇಕು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಬಂದು ನನ್ನ ಸೆರಗು ಹಿಡಿದು ನಿಂತಳು. "ಟೀಚರ್, ನನ್ನ ಸಾಲಿ ಬಿಡಸಬ್ಯಾಡಂತ ನಮ್ಮಪ್ಪಗ ನೀವೊಮ್ಮಿ ಹೇಳ್ರಿ." ಹೇಳಿದೆ. ಅಪ್ಪ ತಲೆ ತಗ್ಗಿಸಿ, "ಹೊಲದಾಗ ಕೂಸಿನ್ನ ಯಾರು ಹಿಡೀತಾರ್ರಿ?" ಎಂದ. ಮರುದಿನ ಅವಳ ಜಾಗ ಖಾಲಿ. ಆ ವಯಸ್ಸಿನಲ್ಲಿ ಹೀಗೆ ನಡುವೆ ಶಾಲೆ ಬಿಟ್ಟ ಹೆಣ್ಣುಮಕ್ಕಳು ಮತ್ತೆ ಪುಸ್ತಕ ಹಿಡಿದದ್ದನ್ನು ನಾನು ಕಂಡೇ ಇರಲಿಲ್ಲ.

ಉಪಾಯ ಒಂದಿತ್ತು. ಗುಳೆ ಹೋದವರ ಮಕ್ಕಳನ್ನು ಸುಗ್ಗಿ ಮುಗಿಯುವವರೆಗೆ ಶಾಲೆಯಲ್ಲೇ ಇಟ್ಟುಕೊಂಡು ಉಣಿಸಿ ಓದಿಸುವ ಸರ್ಕಾರದ ವಸತಿ ವ್ಯವಸ್ಥೆ. ಅದಕ್ಕೆ, ನಮ್ಮೂರಿನಿಂದ ಇಂತಿಂಥ ಮಕ್ಕಳು ಹೋಗಿದ್ದಾರೆ ಎಂದು ಮೇಲಿನವರಿಗೆ ತಿಳಿಸಬೇಕು, ಅಷ್ಟೆ. ನಾನು ಇದನ್ನು ಹೇಳಿದಾಗ ಮುಖ್ಯೋಪಾಧ್ಯಾಯರು ಸಂಯೋಜಕರ ಮುಖ ನೋಡಿದರು. ಸಂಯೋಜಕರು ನಕ್ಕರು.

"ಹ್ಯಾಂಗ ತಿಳಸ್ತೀರಿ ಮೇಡಂ? ಗಿಡ ಹಚ್ಚಿ, ನೀರಿಂಗಿಸಿ ಈ ಊರಾಗ ಗುಳೆ ನಿಲ್ಲಿಸೀವಿ ಅಂತ ನಾವು ಹೊರದೇಶಕ್ಕ ಹೇಳೀವಿ. ಒಬ್ಬಾಕಿ ಸಲುವಾಗಿ ಪ್ರಾಜೆಕ್ಟೇ ಮುಳಗಸ್ತೀರೇನು?"

ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಹಚ್ಚಿದ ಗಿಡಗಳು ಯಾವಾಗಲೋ ಕಟ್ಟಿಗೆಯಾಗಿದ್ದವು. ಹೋದ ಮಕ್ಕಳನ್ನು ಹೋಗಿಲ್ಲ ಎಂದರೆ ಅವರನ್ನು ಕರೆತರುವವರು ಯಾರು? ಮುಂದಿನ ಪೀಳಿಗೆಯ ಭವಿಷ್ಯ ಎಂದು ಬ್ಯಾನರು ಕಟ್ಟಿದ್ದರಲ್ಲ, ಆ ಪೀಳಿಗೆ ಕಬ್ಬಿನ ಒಣಗರಿಯ ರವದಿಯಲ್ಲಿ ಕೂಸು ಆಡಿಸುತ್ತ ಕೂತಿತ್ತು!

ಮುಂದಿನ ತಿಂಗಳು ಭಾಲ್ಕಿಗೆ ಹೋದೆವು. ಆ ಹುಡುಗಿಯ ಕುರ್ಚಿಯಲ್ಲಿ, ಅವಳದೇ ಹೆಸರಿನ ಫಲಕದ ಹಿಂದೆ, ಬೇರೊಬ್ಬ ಹುಡುಗಿಯನ್ನು ಕೂರಿಸಿದ್ದರು. ಇದೇನು ಎಂದೆ. "ಏನಾಗ್ತದ ಮೇಡಂ? ಅವರಿಗಿ ನಮ್ಮ ಹುಡುಗ್ಯಾರೆಲ್ಲ ಒಂದೇ ನಮೂನಿ ಕಾಣ್ತಾರ" ಎಂದರು ಸಂಯೋಜಕರು. ಥೂ, ಓದಿದವರ ಬಾಯಲ್ಲಿ ಬರುವ ಮಾತೇ ಇದು!

ಪರದೆಯ ಮೇಲಿನ ಗೆಳತಿ ಕೈ ಬೀಸಿದಳು. ನಿನ್ನ ತಮ್ಮನಿಗೆ ಹಲ್ಲು ಬಂದವೇ ಎಂದು ಅಕ್ಕರೆಯಿಂದ ಕೇಳಿದಳು. ಸಂಯೋಜಕರು ಅದನ್ನು ಕನ್ನಡಕ್ಕೆ ತಿರುಗಿಸುತ್ತಲೇ ಬದಲಿ ಹುಡುಗಿ ತಬ್ಬಿಬ್ಬಾಗಿ ನನ್ನತ್ತ ನೋಡಿ, ಇದ್ದದ್ದು ಇದ್ದ ಹಾಗೆ ಹೇಳಿದಳು: "ನನಗ ತಮ್ಮ ಇಲ್ರಿ. ಆಕಿಗಿ ಇದ್ದಾನ. ಆಕಿ ಅವ್ವ ಅಪ್ಪನ ಕೂಡ ಕಬ್ಬಿಗಿ ಹೋಗ್ಯಾಳ."

"ತಮ್ಮ ಚೆನ್ನಾಗಿದ್ದಾನೆ, ಧನ್ಯವಾದ" ಎಂದರು ಸಂಯೋಜಕರು ಇಂಗ್ಲಿಷಿನಲ್ಲಿ.

ನಾನು ಎದ್ದೆ. ನನ್ನ ಮುರುಕು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಹೇಳಿದೆ: ಸುಳ್ಳು. ಇವಳು ನಿನ್ನ ಗೆಳತಿ ಅಲ್ಲ. ಅವಳು ಶಾಲೆ ಬಿಟ್ಟು ಕಬ್ಬಿನ ಗದ್ದೆಗೆ ಹೋಗಿದ್ದಾಳೆ. ಇಲ್ಲಿ ಇರಲು ಜಾಗ ಕೊಟ್ಟರೆ ಬರುತ್ತಾಳೆ, ಆದರೆ ಅವಳು ಹೋಗೇ ಇಲ್ಲ ಎಂದು ಇವರು ಹೇಳುತ್ತಿದ್ದಾರೆ. ಪರದೆಯಲ್ಲಿ ಅವರ ಟೀಚರ್ ಮುಂದೆ ಬಾಗಿ ಏನೋ ಕೇಳಿದರು. ಅಷ್ಟರಲ್ಲಿ ಸಂಯೋಜಕರು ವೈರು ಕಿತ್ತರು. "ನೆಟ್‌ವರ್ಕ್ ಹೋಯ್ತು" ಎಂದರು, ನನ್ನ ಕಣ್ಣೆದುರಿಗೇ.

ಸುದ್ದಿ ತಿಳಿದ ಅಲ್ಲಿಯ ಮಕ್ಕಳು ದುಃಖಪಟ್ಟು ಒಂದು ವಾರ ಸಕ್ಕರೆ ಬಿಟ್ಟರಂತೆ. ಪಾಪ, ಅವರ ಮನಸ್ಸು ಒಳ್ಳೆಯದೇ. ಆದರೆ ಅವರು ಸಕ್ಕರೆ ಬಿಟ್ಟರೆ ನಮ್ಮ ಹುಡುಗಿ ಬರುತ್ತಾಳೆಯೆ? ಗುಳೆ ಹೋದ ಮಕ್ಕಳ ಪಟ್ಟಿ ಹಿಡಿದು ನಾನು ಔರಾದದ ಶಿಕ್ಷಣ ಕಚೇರಿಗೆ ಹೋಗಿ ಕೂತೆ. ಇಂದು ಬಾ, ನಾಳೆ ಬಾ ಎಂದರು. ಹೋದೆ. ವಿದೇಶದ ಆ ಟೀಚರ್ ಕೂಡ ಬಿಡದೆ ಇಲ್ಲಿಯ ಅಧಿಕಾರಿಗಳನ್ನು ಕೇಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಸಂಕ್ರಾಂತಿ ಹೊತ್ತಿಗೆ ನಮ್ಮ ಶಾಲೆಯ ಎರಡು ಕೋಣೆಗಳಲ್ಲಿ ವಸತಿ ಶುರುವಾಯಿತು.

ಹುಡುಗಿಯ ಅಪ್ಪನಿಗೆ ಫೋನು ಮಾಡಿದೆ. ಮತ್ತೆ ಅದೇ ಮಾತು, ಕೂಸಿನದು. "ಕೂಸಿನ್ನೂ ಕಳಸ್ರಿ!" ಎಂದು ಕೂಗಿದೆ. ಭಾಲ್ಕಿ ನಿಲ್ದಾಣದಲ್ಲಿ ಅವಳು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ರೈಲಿನಿಂದ ಇಳಿದಳು. ಬೆರಳುಗಳ ತುಂಬ ರವದಿ ಕೊಯ್ದ ಗೀರು. ಅಳು ಬಂತು, ಸಿಟ್ಟೂ ಬಂತು. ಕೂಸನ್ನು ಇಟ್ಟುಕೊಳ್ಳಲು ನಿಯಮವಿಲ್ಲ ಎಂದು ಮುಖ್ಯೋಪಾಧ್ಯಾಯರು ಗೊಣಗಿದರು. ನಿಯಮ ಮಾಡಿದವರ ಮನೆಯಲ್ಲಿ ತಮ್ಮಂದಿರು ಹುಟ್ಟುವುದಿಲ್ಲವೇನು ಎಂದು ಕೇಳಿದೆ. ಕೂಸು ಏಳನೆಯ ತರಗತಿಯಲ್ಲಿ ಅಕ್ಕನ ತೊಡೆಯ ಮೇಲೆ ಕೂತಿತು.

ಒಂದು ವಾರವೂ ಆಗಿರಲಿಲ್ಲ, ಸಂಯೋಜಕರು ಕ್ಯಾಮೆರಾ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷ. ತೊಡೆಯ ಮೇಲೆ ತಮ್ಮ, ಕೈಯಲ್ಲಿ ಪೆನ್ನು, ಇಂಥ ಫೋಟೋ ಎಲ್ಲಿ ಸಿಗಬೇಕು! "ಸ್ವಲ್ಪ ಈ ಕಡಿ ನೋಡವ್ವ, ನಿನ್ನ ಗೆಳತಿಗಿ ಕಳಸೋಣು" ಎಂದರು. ನಾನು ಬೈಯಲು ಬಾಯಿ ತೆರೆದೆ. ಹುಡುಗಿಯೇ ಮೊದಲು ಮಾತಾಡಿದಳು, ತಲೆ ಎತ್ತದೆ.

"ನನ್ನ ಬದ್ಲಿ ಮತ್ತ್ಯಾರನ್ನರ ಕೂಡಸ್ರಿ ಸರ್. ನಾ ಬರೀಲಾಕತ್ತೀನಿ."